ಊರ ಸಿಸ್ಟರ್‌ಗೂ ಒಂದು ನೋಂದಣಿ ಸಂಖ್ಯೆ ಇದೆ

ಗುರುವಾರ ಲಸಿಕೆಯ ದಿನ. ಬಾದಾಮಿ ತಾಲ್ಲೂಕಿನ ಕೆರೂರ ಸುತ್ತಲಿನ ಹಳ್ಳಿಗಳ ಅಂಗನವಾಡಿಗಳಲ್ಲಿ ಹತ್ತು ಗಂಟೆಯ ಹೊತ್ತಿಗೆ ಚಾಪೆ ಹಾಸಿರುತ್ತದೆ. ತಾಯಂದಿರು ಕೂಸುಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಾಯುತ್ತಿರುತ್ತಾರೆ. ನೀಲಿ ಬಣ್ಣದ ಲಸಿಕೆ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಬರುವ ಹೆಣ್ಣುಮಗಳನ್ನು ಕಂಡ ಕೂಡಲೇ ದೊಡ್ಡ ಮಕ್ಕಳು ಬಾಗಿಲ ಹಿಂದೆ ಅಡಗುತ್ತವೆ. ಹಿರಿಯರ ಬಾಯಲ್ಲಿ ಆಕೆ ‘ನರ್ಸಬಾಯಿ’, ಈಗಿನವರ ಬಾಯಲ್ಲಿ ‘ಸಿಸ್ಟರ್’. ಸರ್ಕಾರಿ ಕಾಗದದಲ್ಲಿ ಎಎನ್‌ಎಂ, ಅಂದರೆ ಆಕ್ಸಿಲರಿ ನರ್ಸ್ ಮಿಡ್‌ವೈಫ್. ಕರ್ನಾಟಕದಲ್ಲಿ ಈ ಹುದ್ದೆಗೆ ಬಹುಕಾಲ ‘ಕಿರಿಯ ಮಹಿಳಾ ಆರೋಗ್ಯ ಸಹಾಯಕಿ’ ಎಂಬ ಹೆಸರಿತ್ತು. ಈಗ ಅದು ‘ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ’.

ಆ ಡಬ್ಬಿಯೊಳಗೆ ನಾಲ್ಕು ಬದಿಗೆ ನಾಲ್ಕು ಐಸ್ ಪ್ಯಾಕ್. ಫ್ರೀಜರ್‌ನಿಂದ ತೆಗೆದ ಕೂಡಲೇ ಅವನ್ನು ಡಬ್ಬಿಗೆ ಇಡುವಂತಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ನೀರು ಕಲಕಿದ ಸದ್ದು ಕೇಳಬೇಕು, ಅಷ್ಟು ಕರಗಿದ ಮೇಲೆಯೇ ಇಡಬೇಕು. ಇಲ್ಲದಿದ್ದರೆ ಪೆಂಟಾವೇಲೆಂಟ್, ಟಿಡಿಯಂಥ ಲಸಿಕೆಗಳು ಹೆಪ್ಪುಗಟ್ಟಿ ಕೆಡುತ್ತವೆ. ಸೀಸೆಯ ಮೇಲೆ ಒಂದು ಸಣ್ಣ ವೃತ್ತ, ಅದರೊಳಗೆ ಒಂದು ಚೌಕ ಇರುತ್ತದೆ. ಚೌಕದ ಬಣ್ಣ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಬಳಸಬಹುದು. ಎರಡರ ಬಣ್ಣ ಒಂದೇ ಆಗಿದ್ದರೆ ಆ ಸೀಸೆ ಬಿಸಿಲು ಉಂಡಿದೆ ಎಂದು ಅರ್ಥ, ಅದನ್ನು ಎಸೆಯಬೇಕು. ದಡಾರ-ರುಬೆಲ್ಲಾ ಲಸಿಕೆಯ ಪುಡಿಗೆ ನೀರು ಬೆರೆಸಿದ ಗಳಿಗೆಯಿಂದ ನಾಲ್ಕು ತಾಸು ಮಾತ್ರ ಅದರ ಆಯಸ್ಸು, ಹಾಗಾಗಿ ಬೆರೆಸಿದ ಸಮಯವನ್ನು ಸೀಸೆಯ ಮೇಲೆ ಬರೆಯಬೇಕು. ಏಪ್ರಿಲ್ ತಿಂಗಳಲ್ಲಿ ಬಾಗಲಕೋಟೆ ಸೀಮೆಯ ಬಿಸಿಲನ್ನು ಬಲ್ಲವರಿಗೆ ಈ ಲೆಕ್ಕ ಎಷ್ಟು ಬಿಗಿಯಾದದ್ದೆಂದು ಬಿಡಿಸಿ ಹೇಳಬೇಕಿಲ್ಲ.

‘ಸೂಜಿ ಚುಚ್ಚುವುದು ಯಾರಿಗೆ ಬರಲ್ಲ’ ಎನ್ನುವವರಿದ್ದಾರೆ. ಚುಚ್ಚುವುದು ಆ ಕೆಲಸದ ಕೊನೆಯ ಎರಡು ಸೆಕೆಂಡು ಮಾತ್ರ. ಅದಕ್ಕೂ ಹಿಂದಿನದು ಎರಡು ವರ್ಷದ ಓದು, ಪರೀಕ್ಷೆ, ನೋಂದಣಿ.

ನರ್ಸ್ ಎಂಬ ಒಂದೇ ಹೆಸರು, ಹಲವು ಮೆಟ್ಟಿಲು

ಅಮೆರಿಕ, ಕೆನಡಾಗಳಲ್ಲಿ ‘ಲೈಸೆನ್ಸ್‌ಡ್ ಪ್ರಾಕ್ಟಿಕಲ್ ನರ್ಸ್’ ಎಂಬ ವರ್ಗವಿದೆ. ಪೂರ್ಣ ಪದವಿಯ ನರ್ಸ್‌ಗಿಂತ ಕಡಿಮೆ ಅವಧಿಯ ಕಲಿಕೆ, ಪ್ರತ್ಯೇಕ ಪರೀಕ್ಷೆ, ಪ್ರತ್ಯೇಕ ಪರವಾನಗಿ. ಆಸ್ಟ್ರೇಲಿಯಾದಲ್ಲಿ ಇಂಥವರನ್ನು ‘ಎನ್‌ರೋಲ್ಡ್ ನರ್ಸ್’ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ 2019ರಿಂದ ‘ನರ್ಸಿಂಗ್ ಅಸೋಸಿಯೇಟ್’ ಎಂಬ ನೋಂದಾಯಿತ ವರ್ಗ ಬಂದಿದೆ. ನಮ್ಮಲ್ಲಿ ಇದಕ್ಕೆ ಹತ್ತಿರದವರು ಎಎನ್‌ಎಂಗಳು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿನ ಪ್ರಾಕ್ಟಿಕಲ್ ನರ್ಸ್ ಹೆಚ್ಚಾಗಿ ವೃದ್ಧರ ಆರೈಕೆ ಕೇಂದ್ರದಲ್ಲೋ ಆಸ್ಪತ್ರೆಯಲ್ಲೋ ಬೇರೊಬ್ಬ ನರ್ಸ್‌ನ ಮೇಲ್ವಿಚಾರಣೆಯಲ್ಲಿ ದುಡಿಯುತ್ತಾರೆ. ನಮ್ಮ ಎಎನ್‌ಎಂ ಮೈದಾನ ಪ್ರದೇಶದಲ್ಲಿ 5,000 ಜನಕ್ಕೆ ಒಂದರಂತೆ ಇರುವ ಉಪಕೇಂದ್ರದ ಬೆನ್ನೆಲುಬು. ಹತ್ತಿರದ ವೈದ್ಯರು ಹಲವು ಕಿಲೋಮೀಟರ್ ದೂರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿರುತ್ತಾರೆ. ಓದಿನಲ್ಲಿ ಚಿಕ್ಕ ಮೆಟ್ಟಿಲು, ಹೊಣೆಯಲ್ಲಿ ದೊಡ್ಡದು.

ಈ ಹುದ್ದೆಗೆ ಏಳು ದಶಕದ ಇತಿಹಾಸವಿದೆ. ದೇಶದ ಮೊದಲ ಎಎನ್‌ಎಂ ಕೋರ್ಸ್ 1951ರಲ್ಲಿ ಪಂಜಾಬಿನ ತರನ್ ತಾರನ್‌ನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಶುರುವಾಯಿತು. ಆಗ ಮುಖ್ಯ ಉದ್ದೇಶ ಹೆರಿಗೆ. 1973ರ ಕರ್ತಾರ್ ಸಿಂಗ್ ಸಮಿತಿ ‘ಬಹೂದ್ದೇಶ ಆರೋಗ್ಯ ಕಾರ್ಯಕರ್ತೆ’ ಎಂಬ ಕಲ್ಪನೆ ತಂದಿತು. ಲಸಿಕೆ, ಕುಟುಂಬ ಯೋಜನೆ, ಮಲೇರಿಯಾ ಎಲ್ಲವೂ ಒಬ್ಬಳದೇ ತಲೆಗೆ ಬಂದವು. ವಿಚಿತ್ರವೆಂದರೆ ಕೆಲಸ ಹೆಚ್ಚಿದ ಮೇಲೆ 1977ರಲ್ಲಿ ಕೋರ್ಸನ್ನು ಎರಡು ವರ್ಷದಿಂದ 18 ತಿಂಗಳಿಗೆ ಇಳಿಸಿದರು. ಈಗ ಮತ್ತೆ ಎರಡು ವರ್ಷವಾಗಿದೆ: ಹದಿನೆಂಟು ತಿಂಗಳು ಕಲಿಕೆ, ಆರು ತಿಂಗಳು ಇಂಟರ್ನ್‌ಶಿಪ್.

ಇದರ ಮೇಲಿನ ಮೆಟ್ಟಿಲು ಮೂರು ವರ್ಷದ ಜಿಎನ್‌ಎಂ (ಜನರಲ್ ನರ್ಸಿಂಗ್ ಆ್ಯಂಡ್ ಮಿಡ್‌ವೈಫರಿ) ಡಿಪ್ಲೊಮಾ, ಅದರ ಮೇಲೆ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್. ಆಸ್ಪತ್ರೆಯ ವಾರ್ಡಿನಲ್ಲಿ ಕಾಣುವ ‘ಶುಶ್ರೂಷಣಾಧಿಕಾರಿ’ಗಳು ಈ ಎರಡು ಓದಿನವರು. ಜಿಎನ್‌ಎಂ, ಬಿ.ಎಸ್ಸಿ. ಮುಗಿಸಿದವರದು ಒಂದು ನೋಂದಣಿ, ಎಎನ್‌ಎಂಗಳದು ಬೇರೆ ನೋಂದಣಿ. ಎರಡೂ ಕಾನೂನಿನ ನೋಂದಣಿಗಳೇ. ಕರ್ನಾಟಕದಲ್ಲಿ 1961ರ ಕಾಯ್ದೆಯಡಿ ರಾಜ್ಯ ನರ್ಸಿಂಗ್ ಕೌನ್ಸಿಲ್ ಈ ಕೆಲಸ ಮಾಡುತ್ತದೆ. ದೇಶದಲ್ಲಿ ಸುಮಾರು 10 ಲಕ್ಷ ಎಎನ್‌ಎಂ ಮತ್ತು ಅವರ ಮೇಲ್ವಿಚಾರಕಿಯರ ಹೆಸರು ಇಂಥ ರಿಜಿಸ್ಟರ್‌ಗಳಲ್ಲಿವೆ. 1947ರ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಬದಲಿಗೆ 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯನ್ನು ಅಂಗೀಕರಿಸಿತು.

ಇನ್ನು ಆಶಾ. ಊರಲ್ಲಿ ಎಷ್ಟೋ ಜನ ಆಶಾ ಕಾರ್ಯಕರ್ತೆಯನ್ನೂ ಸಿಸ್ಟರ್ ಎಂದೇ ಕರೆಯುತ್ತಾರೆ. ಪ್ರೀತಿಯಿಂದ ಕರೆದರೆ ತಪ್ಪಿಲ್ಲ, ಆದರೆ ಕೆಲಸ ಬೇರೆ. 2005ರಲ್ಲಿ ಶುರುವಾದ ಗ್ರಾಮೀಣ ಆರೋಗ್ಯ ಅಭಿಯಾನದಡಿ ಸಾವಿರ ಜನಕ್ಕೊಬ್ಬರಂತೆ ಊರಿನವರೇ ಆದ ಹೆಣ್ಣುಮಕ್ಕಳನ್ನು ಆಶಾ ಎಂದು ಆಯ್ದುಕೊಂಡರು. ಅವರಿಗೆ ತರಬೇತಿಯಿದೆ, ನರ್ಸಿಂಗ್ ನೋಂದಣಿಯಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ಬಾಣಂತಿಯನ್ನು ನೋಡಲು 42 ದಿನದೊಳಗೆ ಆರು ಸಲ ಆಶಾ ಬರಬೇಕು. ಕೂಸಿನ ತೂಕ, ಮೈ ಬಿಸಿ, ಹೊಕ್ಕುಳು ನೋಡಬೇಕು. ಅದು ಅವರ ಹಕ್ಕಿನ ಕೆಲಸ. ಇಂಜೆಕ್ಷನ್ ಅಲ್ಲ.

ಬಸುರಿ ಇರುವ ಮನೆಯವರಿಗೆ

ಮುಟ್ಟು ನಿಂತದ್ದು ತಿಳಿದ ಕೂಡಲೇ, 12 ವಾರದೊಳಗೆ, ಸಿಸ್ಟರ್ ಹತ್ತಿರ ಹೆಸರು ಬರೆಸಬೇಕು. ‘ಮೂರು ತಿಂಗಳು ತುಂಬೋತನಕ ಯಾರಿಗೂ ಹೇಳಬಾರದವ್ವ’ ಎಂಬ ಹಿರಿಯರ ಮಾತು ನಮ್ಮ ಕಡೆ ಈಗಲೂ ಇದೆ. ಓಣಿಗೆ ಹೇಳುವುದು ಬೇಡ, ಸಿಸ್ಟರ್‌ಗೆ ಹೇಳಲೇಬೇಕು. ಹೆಸರು ಬರೆಸಿದ ಮೇಲೆ ತಾಯಿ ಕಾರ್ಡ್ ಸಿಗುತ್ತದೆ. ಹೆರಿಗೆಯೊಳಗೆ ಕನಿಷ್ಠ ನಾಲ್ಕು ತಪಾಸಣೆ. ಪ್ರತಿ ಸಲವೂ ತೂಕ, ಬಿಪಿ, ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಹಿಮೋಗ್ಲೋಬಿನ್ ನೋಡಿ ಕಾರ್ಡಿನಲ್ಲಿ ಬರೆಯಬೇಕು. ಯಾವುದಾದರೂ ಖಾನೆ ಖಾಲಿ ಇದ್ದರೆ ಕೇಳಿ. ಹಾಗೆ ಕೇಳುವುದು ಅಪನಂಬಿಕೆಯಲ್ಲ.

ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ಅಪಾಯ. ಏಳಕ್ಕಿಂತ ಕೆಳಗಿನವರನ್ನು ಸಿಸ್ಟರ್ ದೊಡ್ಡ ಆಸ್ಪತ್ರೆಗೆ ಕಳಿಸಲೇಬೇಕು, ಮನೆಯವರು ಹೋಗಲೇಬೇಕು. ಕಬ್ಬಿಣಾಂಶದ ಗುಳಿಗೆ ಕನಿಷ್ಠ 180 ದಿನ ನುಂಗಬೇಕು. ಬಾಗಲಕೋಟೆ ಕಡೆ ಊಟವಾದ ಕೂಡಲೇ ಒಂದು ಬಟ್ಟಲು ಚಹಾ ಇಲ್ಲದಿದ್ದರೆ ಊಟ ಇಳಿಯುವುದಿಲ್ಲ. ಈ ಚಹಾ ಗುಳಿಗೆಯ ವೈರಿ, ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಕ್ಯಾಲ್ಸಿಯಂ ಗುಳಿಗೆಯನ್ನೂ ಇದರ ಜತೆ ನುಂಗಬಾರದು, ಎರಡರ ನಡುವೆ ಎರಡು ತಾಸಾದರೂ ಅಂತರ ಬೇಕು. ನಿಂಬೆಹಣ್ಣು ಹಿಂಡಿದ ನೀರಿನ ಜತೆ ನುಂಗಿದರೆ ಒಳ್ಳೆಯದು. ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಿ ಗುಳಿಗೆಯನ್ನು ಕಟ್ಟೆಯಾಚೆ ಎಸೆಯುವುದು ಬೇಡ.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ರೂಢಿ. ಹುನಗುಂದ ತಾಲ್ಲೂಕಿನ ಗಂಡನ ಮನೆಯಲ್ಲಿ ಏಳು ತಿಂಗಳವರೆಗೆ ತೋರಿಸಿಕೊಂಡ ಸೊಸೆ ಕೆರೂರ ಹತ್ತಿರದ ತವರಿಗೆ ಬರುತ್ತಾಳೆ. ತಾಯಿ ಕಾರ್ಡ್ ಮಾತ್ರ ಗಂಡನ ಮನೆಯ ಟ್ರಂಕಿನಲ್ಲೇ ಉಳಿಯುತ್ತದೆ. ಇಲ್ಲಿನ ಸಿಸ್ಟರ್‌ಗೆ ಆಕೆಯ ಹಿಂದಿನ ಬಿಪಿ ಎಷ್ಟಿತ್ತು, ಟಿಡಿ ಲಸಿಕೆ ಆಯಿತೋ ಇಲ್ಲವೋ ಒಂದೂ ಗೊತ್ತಾಗುವುದಿಲ್ಲ. ಬಾದಾಮಿ, ಹುನಗುಂದ, ಇಳಕಲ್ ಕಡೆಯಿಂದ ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋಗುವ ಕುಟುಂಬಗಳಲ್ಲೂ ಇದೇ ಕತೆ. ಸೀರೆ, ಬಟ್ಟೆ ಕಟ್ಟುವ ಮೊದಲು ಕಾರ್ಡ್ ಕಟ್ಟಿಕೊಳ್ಳಿ. ಅದು ಎಲ್ಲ ಸರ್ಕಾರಿ ಆಸ್ಪತ್ರೆಯಲ್ಲೂ ನಡೆಯುತ್ತದೆ, ಕೂಸಿನ ಲಸಿಕೆಯನ್ನು ಯಾವ ಊರಲ್ಲಾದರೂ ಹಾಕಿಸಬಹುದು.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವೈದ್ಯರ ತಪಾಸಣೆ ಉಚಿತವಾಗಿ ನಡೆಯುತ್ತದೆ, 2016ರಿಂದ ನಡೆದು ಬಂದಿರುವ ಕಾರ್ಯಕ್ರಮ. ಬಿಪಿ 140/90 ಮುಟ್ಟಿದ್ದರೆ, ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೆ, ರಕ್ತ ಕಡಿಮೆ ಇದ್ದರೆ ಸಿಸ್ಟರ್ ಈ ದಿನಕ್ಕೆ ಕಳಿಸುತ್ತಾರೆ. ತಪ್ಪಿಸಬೇಡಿ. ತಲೆನೋವು, ಕಣ್ಣು ಮಂಜು, ಮುಖ ಬಾವು, ರಕ್ತಸ್ರಾವ, ಕೂಸಿನ ಮಿಸುಕಾಟ ಕಡಿಮೆ ಆಗುವುದು, ಇವುಗಳಲ್ಲಿ ಒಂದು ಕಂಡರೂ 9ನೆಯ ತಾರೀಖಿಗೆ ಕಾಯಬಾರದು. 108ಕ್ಕೆ ಫೋನ್ ಮಾಡಿ.

ಆಕೆಯ ಕೈಯಲ್ಲಿರುವುದು, ಇಲ್ಲದಿರುವುದು

ಎಎನ್‌ಎಂ ಬರೀ ಲಸಿಕೆ ಹಾಕುವವರು ಎಂದು ತಿಳಿದವರಿಗೆ ಒಂದು ವಿಷಯ ಗೊತ್ತಿರಲಿ. ಕುಶಲ ಪ್ರಸವ ಸಹಾಯಕಿಯಾಗಿ 21 ದಿನದ ವಿಶೇಷ ತರಬೇತಿ ಪಡೆದ ಎಎನ್‌ಎಂಗೆ ತಾನೇ ಹೆರಿಗೆ ಮಾಡಿಸುವ ಅಧಿಕಾರವಿದೆ. ಕೂಸು ಹುಟ್ಟಿದ ಕೂಡಲೇ ರಕ್ತಸ್ರಾವ ತಡೆಯಲು ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡಬಹುದು. ಬಿಪಿ ಏರಿ ಫಿಟ್ಸ್ ಬಂದ ಬಸುರಿಗೆ ದೊಡ್ಡ ಆಸ್ಪತ್ರೆಗೆ ಕಳಿಸುವ ಮೊದಲು ಮೆಗ್ನೀಸಿಯಂ ಸಲ್ಫೇಟಿನ ಮೊದಲ ಡೋಸ್ ಕೊಡಬಹುದು. ನಂಜೇರಿದ ಎಳೆಗೂಸಿಗೆ ನಿರ್ದಿಷ್ಟ ಸಂದರ್ಭದಲ್ಲಿ ಜೆಂಟಮೈಸಿನ್ ಕೊಡಲು 2014ರಲ್ಲಿ ಕೇಂದ್ರ ಸರ್ಕಾರ ಅನುಮತಿ ಕೊಟ್ಟಿತು. ಇವೆಲ್ಲ ಜೀವ ಉಳಿಸುವ ಔಷಧಗಳು. ಕೆರೂರ ಕಡೆಯ ಹಳ್ಳಿಯಿಂದ ಬಾಗಲಕೋಟೆ ಮುಟ್ಟುವ ದಾರಿಯಲ್ಲಿ ಬದುಕಿಗೂ ಸಾವಿಗೂ ನಡುವೆ ನಿಲ್ಲುವುದು ಆ ಮೊದಲ ಡೋಸೇ.

ಇನ್ನು ಆಕೆ ಮಾಡಬಾರದ್ದು. ‘ಯಕ್ಕಾ, ಮನೀಗೆ ಬಂದು ಒಂದು ಸಲಾಯಿನ್ ಹಚ್ಚಿ ಹೋಗ್ರಿ, ನಿಶ್ಶಕ್ತಿ ಆಗೈತಿ’ ಎಂದು ಕೇಳದ ಊರಿಲ್ಲ. ಜ್ವರ ಬಂದರೆ ಗುಳಿಗೆ ಸಾಲದು, ‘ಸೂಜಿ ಮಾಡಸ್ಬೇಕು’. ಈ ಒತ್ತಾಯಕ್ಕೆ ಮಣಿದು ವೈದ್ಯರ ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟರೆ, ಮೈಗೆ ಒಗ್ಗದೆ ರೋಗಿ ಅಲ್ಲೇ ಕುಸಿದರೆ, ಹೋಗುವುದು ಒಂದು ಜೀವ. ಜತೆಗೆ ಆಕೆಯ ನೋಂದಣಿ, ನೌಕರಿ ಎರಡೂ. ಒಲ್ಲೆ ಎನ್ನುವ ಸಿಸ್ಟರ್‌ಗೆ ಸೊಕ್ಕಿಲ್ಲ. ಆಕೆ ತನ್ನ ಕೆಲಸದ ಗಡಿ ಬಲ್ಲವಳು. ಅಂಥವರನ್ನು ನಂಬಿ.

ನಂಬಬಾರದವರೂ ಇದ್ದಾರೆ. ಸಣ್ಣ ಪಟ್ಟಣಗಳ ಕೆಲವು ಖಾಸಗಿ ದವಾಖಾನೆಗಳಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗಿಯರಿಗೆ ಏಪ್ರನ್ ಹಾಕಿಸಿ, ಆರು ತಿಂಗಳು ನೋಡಿ ಕಲಿಸಿ, ನರ್ಸ್ ಎಂದು ನಿಲ್ಲಿಸುತ್ತಾರೆ. ಆ ಹುಡುಗಿಯರ ತಪ್ಪು ಅಲ್ಲ, ಬಡತನ ಅವರನ್ನು ಅಲ್ಲಿ ನಿಲ್ಲಿಸಿದೆ. ಆದರೆ ಹಾಸಿಗೆಯಲ್ಲಿ ಮಲಗಿದವರಿಗೆ ತಮ್ಮ ನರಕ್ಕೆ ಸೂಜಿ ಹಾಕುವವರು ಯಾರೆಂದು ತಿಳಿಯುವ ಹಕ್ಕಿದೆ. ‘ನಿಮ್ಮ ಹೆಸರೇನ್ರಿ ಸಿಸ್ಟರ್, ಎಲ್ಲಿ ಓದೀರಿ, ಕೌನ್ಸಿಲ್ ನಂಬರ್ ಐತೇನ್ರಿ?’ ಎಂದು ಮೆಲ್ಲಗೆ ಕೇಳಬಹುದು. ನೋಂದಾಯಿತ ನರ್ಸ್ ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಆ ಸಂಖ್ಯೆ ಪಡೆಯಲು ಪಟ್ಟ ಕಷ್ಟ ಆಕೆಗೆ ನೆನಪಿರುತ್ತದೆ.

ಮಗಳನ್ನು ಓದಿಸುವ ಮನೆಯವರಿಗೆ

ಪಿಯುಸಿ ಆರ್ಟ್ಸ್ ಮುಗಿಸಿದ ಮಗಳು ನರ್ಸ್ ಆಗಬಹುದೇ? ಆಗಬಹುದು. ಎಎನ್‌ಎಂ ಕೋರ್ಸಿಗೆ ಯಾವ ವಿಭಾಗದ ಪಿಯುಸಿ ಆದರೂ ನಡೆಯುತ್ತದೆ. ವಯಸ್ಸು 17ರಿಂದ 35. ಹೆಣ್ಣುಮಕ್ಕಳಿಗೆ ಮಾತ್ರ ಪ್ರವೇಶ. ಕೆರೂರ, ಗುಳೇದಗುಡ್ಡ, ಇಳಕಲ್‌ನ ನೇಕಾರ ಓಣಿಗಳಲ್ಲಿ ಮಗ್ಗದ ಮುಂದೆ ಕೂತ ತಾಯಂದಿರು ಮಗಳಿಗೆ ಒಂದು ಸರ್ಕಾರಿ ನೌಕರಿಯ ಕನಸು ಕಂಡರೆ ಅದರಲ್ಲಿ ಈ ಕೋರ್ಸು ಇದ್ದೇ ಇರುತ್ತದೆ. ಕನಸನ್ನು ಮಾರುವವರೂ ಅಷ್ಟೇ ಇದ್ದಾರೆ.

‘ಆರು ತಿಂಗಳಲ್ಲಿ ನರ್ಸ್’, ‘ಮನೆಯಿಂದಲೇ ಎಎನ್‌ಎಂ’ ಎಂಬ ಬ್ಯಾನರ್ ಕಂಡರೆ ಆಚೆ ನಡೆಯಿರಿ. ಎಎನ್‌ಎಂಗೆ ದೂರ ಶಿಕ್ಷಣವಿಲ್ಲ, ಅಡ್ಡದಾರಿಯಿಲ್ಲ. ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ಎಂಬ ಕೆಲವು ತಿಂಗಳ ಕೌಶಲ ತರಬೇತಿ ಇದೆ, ಅದು ಮೋಸವಲ್ಲ. ರೋಗಿಯನ್ನು ಎಬ್ಬಿಸಿ ಕೂಡಿಸುವ, ಸ್ನಾನ ಮಾಡಿಸುವ ಕೆಲಸಕ್ಕೆ ಅದು ಸರಿ. ಆದರೆ ಅದರಿಂದ ನರ್ಸಿಂಗ್ ಕೌನ್ಸಿಲಿನ ನೋಂದಣಿ ಸಿಗುವುದಿಲ್ಲ, ಸರ್ಕಾರಿ ನರ್ಸ್ ಹುದ್ದೆಗೆ ಅರ್ಜಿ ಹಾಕಲು ಬರುವುದಿಲ್ಲ. ಇದನ್ನು ಸೇರಿಸಿಕೊಳ್ಳುವ ಮೊದಲೇ ಹೇಳಬೇಕಾದವರು ಹೇಳುವುದಿಲ್ಲ, ತರಬೇತಿ ಮುಗಿದ ಮೇಲೆ ಕೌನ್ಸಿಲ್ ಕಚೇರಿಯ ಕಿಟಕಿಯಲ್ಲಿ ತಿಳಿಯುತ್ತದೆ.

ಶುಲ್ಕ ಕಟ್ಟುವ ಮೊದಲು ಸಂಸ್ಥೆಗೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಆ ವರ್ಷಕ್ಕೆ ಇದೆಯೇ ನೋಡಿ. ಹಳೆಯ ವರ್ಷದ ಪತ್ರಕ್ಕೆ ಚೌಕಟ್ಟು ಹಾಕಿ ಗೋಡೆಗೆ ನೇತು ಹಾಕಿರುವುದುಂಟು. ಭಾರತೀಯ ನರ್ಸಿಂಗ್ ಕೌನ್ಸಿಲಿನ ಪಟ್ಟಿಯಲ್ಲಿ ಹೆಸರಿದೆಯೇ ಎಂದೂ ನೋಡಿ. ಕರ್ನಾಟಕದಲ್ಲಿ ರಾಜ್ಯದ ಮಾನ್ಯತೆ ಮಾತ್ರ ಇರುವ ಸಂಸ್ಥೆಗಳೂ ಇವೆ. ಅಲ್ಲಿ ಓದಿದವರಿಗೆ ಮುಂದೆ ಬೇರೆ ರಾಜ್ಯದಲ್ಲಿ ಕೆಲಸ ಹುಡುಕುವಾಗ ತೊಡಕಾಗಬಹುದು. ಮುಖ್ಯವಾಗಿ, ಮಕ್ಕಳು ಕಲಿಯಲು ಹೋಗುವ ಆಸ್ಪತ್ರೆ ಯಾವುದು, ಅಲ್ಲಿ ನಿಜಕ್ಕೂ ಹೆರಿಗೆಗಳು ಆಗುತ್ತವೆಯೇ ಎಂದು ಕೇಳಿ. ಹೆರಿಗೆ ನೋಡದೆ ಪಾಸಾದವಳು ರಾತ್ರಿ ಎರಡು ಗಂಟೆಗೆ ಒಬ್ಬಳೇ ಏನು ಮಾಡಬೇಕು? ಬಾಗಲಕೋಟೆಯಲ್ಲಿ ಬಿ.ವಿ.ವಿ. ಸಂಘದ ಹಾನಗಲ್ಲ ಶ್ರೀ ಕುಮಾರೇಶ್ವರ ಆಸ್ಪತ್ರೆ ಮತ್ತು ಸಜ್ಜಲಶ್ರೀ ನರ್ಸಿಂಗ್ ಸಂಸ್ಥೆಯಂತೆ ದೊಡ್ಡ ಆಸ್ಪತ್ರೆಯ ಜತೆಗೇ ಬೆಳೆದ ನರ್ಸಿಂಗ್ ಕಾಲೇಜುಗಳಿವೆ. ನರ್ಸಿಂಗ್ ಕಲಿಕೆ ಎಂದರೆ ಹೇಗಿರಬೇಕು ಎಂದು ತಿಳಿಯಲು ಒಮ್ಮೆ ಮಗಳನ್ನು ಕರೆದುಕೊಂಡು ಹೋಗಿ ನೋಡಿ ಬಂದರೂ ಲಾಭವೇ.

ಎಎನ್‌ಎಂ ಮುಗಿಸಿದರೆ ಅಲ್ಲಿಗೇ ನಿಲ್ಲಬೇಕಿಲ್ಲ. ನೋಂದಾಯಿತ ಎಎನ್‌ಎಂಗೆ ಜಿಎನ್‌ಎಂ ಸೇರುವ ಅರ್ಹತೆ ಇದೆ. ಜಿಎನ್‌ಎಂ ಮುಗಿಸಿದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಬಹುದು. ‘ಫಾರಿನ್‌ಗೆ ಕಳಿಸ್ತೀವಿ’ ಎನ್ನುವ ಏಜೆಂಟರ ಮಾತಿಗೆ ಮಾತ್ರ ಎಚ್ಚರ. ಎಎನ್‌ಎಂ ಪ್ರಮಾಣಪತ್ರ ಒಂದನ್ನೇ ಹಿಡಿದು ಅಮೆರಿಕದ ರಿಜಿಸ್ಟರ್ಡ್ ನರ್ಸ್ ಪರೀಕ್ಷೆಗೆ ಕೂರಲು ಆಗುವುದಿಲ್ಲ, ಅದಕ್ಕೆ ಜಿಎನ್‌ಎಂ ಅಥವಾ ಬಿ.ಎಸ್ಸಿ. ಬೇಕು.

ದುಡಿಮೆ ಮತ್ತು ಗೌರವ

ಒಂದೇ ಉಪಕೇಂದ್ರದ ಕೆಲಸ ಮಾಡುವ ಇಬ್ಬರು ಎಎನ್‌ಎಂಗಳಲ್ಲಿ ಒಬ್ಬರು ಕಾಯಂ, ಇನ್ನೊಬ್ಬರು ರಾಷ್ಟ್ರೀಯ ಆರೋಗ್ಯ ಅಭಿಯಾನದ (ಎನ್‌ಎಚ್‌ಎಂ) ಗುತ್ತಿಗೆ. ಓದು ಒಂದೇ, ಡಬ್ಬಿ ಒಂದೇ, ಬಿಸಿಲು ಒಂದೇ, ಸಂಬಳ ಬೇರೆ. ರಾಜ್ಯದ ಗುತ್ತಿಗೆ ಆರೋಗ್ಯ ನೌಕರರು 2023ರಲ್ಲಿ ಕೆಲಸ ನಿಲ್ಲಿಸಿ ಧರಣಿ ಕೂತದ್ದು ಇದೇ ಕಾರಣಕ್ಕೆ. ಖಾಸಗಿಯಲ್ಲಿ ದುಡಿಯುವ ನರ್ಸ್‌ಗಳ ಪಾಡು ಇನ್ನೂ ತೆಳು. ಸುಪ್ರೀಂ ಕೋರ್ಟಿನ 2016ರ ನಿರ್ದೇಶನದಂತೆ ರಚನೆಯಾದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ಸಂಬಳವನ್ನೇ ಕೊಡಬೇಕು ಎಂದು ಹೇಳಿತು. ಹೊಸದಾಗಿ ಕೆಲಸಕ್ಕೆ ಸೇರುವವರು ಈ ಅಂಕಿ ನೆನಪಿಟ್ಟುಕೊಂಡು ಮಾತಾಡಬೇಕು.

2018ರ ನಂತರ ಉಪಕೇಂದ್ರಗಳು ಆರೋಗ್ಯ ಕ್ಷೇಮ ಕೇಂದ್ರಗಳಾದವು, ಈಗಿನ ಹೆಸರು ಆಯುಷ್ಮಾನ್ ಆರೋಗ್ಯ ಮಂದಿರ. ಅಲ್ಲಿಗೆ ಸಮುದಾಯ ಆರೋಗ್ಯ ಅಧಿಕಾರಿ ಎಂಬ ಹೊಸ ಹುದ್ದೆ ಬಂತು, ಹೆಚ್ಚಿನವರು ಬಿ.ಎಸ್ಸಿ. ನರ್ಸಿಂಗ್ ಓದಿದ ಯುವಕ ಯುವತಿಯರು. ಬಿಪಿ, ಸಕ್ಕರೆ ಕಾಯಿಲೆಯ ತಪಾಸಣೆ ಊರಿಗೇ ಬಂದದ್ದು ದೊಡ್ಡ ಲಾಭ. ಆದರೆ ಇಪ್ಪತ್ತು ವರ್ಷದಿಂದ ಆ ಊರಿನ ಪ್ರತಿ ಮನೆಯ ಬಾಗಿಲು ಬಲ್ಲ ಎಎನ್‌ಎಂ, ನಿನ್ನೆ ಬಂದವರ ಕೈಕೆಳಗಿನವಳಂತೆ ಕಾಣುವಂತಾದರೆ ಅದು ಸರಿಯಲ್ಲ. ನಿಂಗವ್ವನ ಸೊಸೆಗೆ ಹೋದ ಹೆರಿಗೆಯಲ್ಲಿ ರಕ್ತ ಹೋಗಿತ್ತು, ಯಾವ ಮನೆಯವರು ಸುಗ್ಗಿ ಮುಗಿಸಿ ಗೋವಾಕ್ಕೆ ಹೋಗಿದ್ದಾರೆ ಎಂಬ ತಿಳಿವಳಿಕೆ ಯಾವ ಟ್ಯಾಬ್‌ನಲ್ಲೂ ಇಲ್ಲ. 2009ರಲ್ಲಿ, ಮತ್ತೆ 2019ರಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲ್ಲೂಕಿನ ದಂಡೆಯ ಊರುಗಳು ನೀರಲ್ಲಿ ನಿಂತವು. ಗಂಜಿ ಕೇಂದ್ರದಲ್ಲಿ ಬಸುರಿ ಯಾರು, ಬಾಣಂತಿ ಯಾರು, ಕ್ಷಯದ ಗುಳಿಗೆ ನುಂಗುವವರು ಯಾರು ಎಂದು ಹುಡುಕುವಂಥ ಹೊತ್ತಿನಲ್ಲಿ ಬೇಕಾಗುವುದು ಇದೇ ತಿಳಿವಳಿಕೆ.

ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆ ತಾಯಂದಿರಲ್ಲಿ ಎಷ್ಟೋ ಮಂದಿಯನ್ನು ‘ಹೋಗವ್ವ, ಹೆದರಬ್ಯಾಡ’ ಎಂದು ಹೊರಡಿಸಿದವರು ಊರ ಸಿಸ್ಟರ್ ಮತ್ತು ಆಶಾ.

ಕೊನೆಗೆ ಓದುಗರಲ್ಲಿ ಒಂದು ಕೋರಿಕೆ. ಲಸಿಕೆ ಹಾಕಿಸಿದ ಮೇಲೆ ಅರ್ಧ ತಾಸು ಅಲ್ಲೇ ಕುಳಿತಿರಬೇಕು ಎಂಬ ನಿಯಮವಿದೆ. ಆ ಅರ್ಧ ತಾಸಿನಲ್ಲಿ ನಿಮ್ಮ ಅಂಗನವಾಡಿಯನ್ನು ಒಮ್ಮೆ ಸುತ್ತ ನೋಡಿ. ಬಸುರಿಯ ಹೊಟ್ಟೆ ಮುಟ್ಟಿ ನೋಡಲು ಒಂದು ಮಂಚ, ಮರೆಗೆ ಒಂದು ಪರದೆ, ಕೈ ತೊಳೆಯಲು ನೀರು, ಸೋಪು ಇವೆಯೇ? ಇಲ್ಲದಿದ್ದರೆ, ಪ್ರತಿ ಊರಿನಲ್ಲೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿ ಎಂಬುದೊಂದು ಇರಬೇಕು, ಅದಕ್ಕೆಂದೇ ಸರ್ಕಾರದ ಮುಕ್ತನಿಧಿ ಇದೆ. ಪಂಚಾಯ್ತಿ ಸದಸ್ಯರನ್ನು ಹಿಡಿದು ಕೇಳಿ, ಮುಂದಿನ ಗುರುವಾರದೊಳಗೆ ಆ ಪರದೆ ಕಟ್ಟಿಸಿ.